ಕುರ್ಚಿ ಹಿಡಿದದ್ದು, ಕುರ್ಚಿ ಬಿಟ್ಟದ್ದು: ಸರ್ ಎಂ.ವಿ. ಅವರ ನೌಕರಿಯ ಬದುಕು

ಸೆಪ್ಟೆಂಬರ್ 15 ಬಂತೆಂದರೆ ಹೊರನಾಡಿನ ನಮ್ಮ ಕನ್ನಡ ಸಂಘಗಳ ಸಭಾಗೃಹಗಳಲ್ಲಿ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ದೀಪ ಬೆಳಗಿಸಿದ ಮೇಲೆ ಯಾರಾದರೊಬ್ಬರು ಎದ್ದು ಸರಕಾರದ ಮೇಣದ ಬತ್ತಿ ಮತ್ತು ಸ್ವಂತ ಮೇಣದ ಬತ್ತಿಯ ಕಥೆಯನ್ನು ಹೇಳುವುದೂ ಉಂಟು. ಆ ಕಥೆ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇನೆ. ಅವರು ಮೊದಲು ಒಬ್ಬ ನೌಕರರಾಗಿದ್ದರು ಎಂಬುದು ಮಾತ್ರ ಹಾರ ತುರಾಯಿಗಳ ನಡುವೆ ಮರೆತೇ ಹೋಗುತ್ತದೆ. ಮೇಲಧಿಕಾರಿಯ ಕೋಪ, ಬಡ್ತಿಯ ಲೆಕ್ಕಾಚಾರ, ಹಣಕಾಸು ಇಲಾಖೆಯ ತಕರಾರು, ಸಹೋದ್ಯೋಗಿಗಳ ಅಸೂಯೆ, ಕೊನೆಗೆ ರಾಜೀನಾಮೆ ಎಲ್ಲವನ್ನೂ ಅವರು ಕಂಡವರು. ಅದರಲ್ಲೂ ಮೊದಲ ಇಪ್ಪತ್ತನಾಲ್ಕು ವರ್ಷ ನೌಕರಿ ಮಾಡಿದ್ದು ನಮ್ಮಂತೆಯೇ ಹೊರನಾಡಿನಲ್ಲಿ, ಮುಂಬಯಿ ಪ್ರಾಂತದಲ್ಲಿ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ಹುಟ್ಟಿದ್ದು 1860ರಲ್ಲಿ ಎಂದು ಕೆಲವರು, 1861ರಲ್ಲಿ ಎಂದು ಕೆಲವರು ಬರೆಯುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿದ್ದು, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗರಾದರು. ಮೊದಲ ಸ್ಥಾನ ಬಂದವರಿಗೆ ಸರಕಾರಿ ನೌಕರಿ ಖಾತ್ರಿ ಇದ್ದ ಕಾಲ ಅದು. 1884ರಲ್ಲಿ ಸಹಾಯಕ ಇಂಜಿನಿಯರ್ ಆಗಿ ನಾಸಿಕಕ್ಕೆ ಬಂದರು. ಅಲ್ಲಿಂದ ಖಾನ್‌ದೇಶಕ್ಕೆ, ಅಂದರೆ ಧುಳೆಯ ಕಡೆಗೆ ಕಳಿಸಿದರು.

ಧುಳೆಯ ಆ ಮೊದಲ ಪೋಸ್ಟಿಂಗ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪಾಂಜರಾ ನದಿಯ ಸೀಮೆಯಲ್ಲಿ ಹೊಳೆಯ ಅಡಿಯಿಂದ ಕೊಳವೆ ಹಾಯಿಸಿ ಆಚೆ ದಡಕ್ಕೆ ನೀರು ಒಯ್ಯುವ ಕೆಲಸ. ಮಳೆಗಾಲ ಶುರುವಾಗಿತ್ತು. ತೋಡಿದ ಗುಂಡಿಯನ್ನು ಪ್ರವಾಹ ಮತ್ತೆ ಮತ್ತೆ ಮರಳಿನಿಂದ ತುಂಬಿಬಿಡುತ್ತಿತ್ತು. ಹಣ ವ್ಯರ್ಥವಾಗುತ್ತದೆ, ಮಳೆ ನಿಂತ ಮೇಲೆ ಮುಂದುವರಿಸೋಣ ಎಂದು ಕಿರಿಯ ಇಂಜಿನಿಯರ್ ಬರೆದರು. ಮೇಲಧಿಕಾರಿಗೆ ಅದು ಕಾರಣವಾಗಿ ಕಾಣಲಿಲ್ಲ, ನೆಪವಾಗಿ ಕಂಡಿತು. ಶಿಸ್ತಿನ ಬಗ್ಗೆ ಕಟುವಾದ ಟಿಪ್ಪಣಿ ಬಂತು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಯುವಕ. ವಾದ ಬೆಳೆಸಬಹುದಿತ್ತು, ಕಾಗದದ ಮೇಲೆ ತಮ್ಮ ಮಾತೇ ಸರಿ ಎಂದು ಸಾಧಿಸಬಹುದಿತ್ತು. ಅವರು ಹಾಗೆ ಮಾಡದೆ ಕೆಲಸ ಮುಂದುವರಿಸಿದರು. ನೆರೆ ಬಂದು ಆಚೆ ದಡದಲ್ಲಿ ಸಿಕ್ಕಿಬಿದ್ದು ನೀರಿಗಿಳಿದು ದಾಟಬೇಕಾದ ಸಂದರ್ಭವೂ ಬಂತು. ಕೆಲಸ ಮುಗಿಯಿತು. ಮೇಲಧಿಕಾರಿಯ ಅಸಮಾಧಾನ ಮೆಚ್ಚುಗೆಯಾಗಿ ತಿರುಗಿತು.

ಇದನ್ನು ಬರೀ ವಿಧೇಯತೆಯ ಕಥೆ ಎಂದುಕೊಳ್ಳಬಾರದು. ಅವರು ಮೊದಲು ತಮ್ಮ ಅಭಿಪ್ರಾಯವನ್ನು ಬರವಣಿಗೆಯಲ್ಲಿ ತಿಳಿಸಿದ್ದರು. ಆ ಅಭಿಪ್ರಾಯ ತಿರಸ್ಕೃತವಾದಾಗ, ಇದು ಪ್ರಾಣ ಅಥವಾ ತತ್ತ್ವದ ಪ್ರಶ್ನೆಯಲ್ಲ, ಖರ್ಚು ಮತ್ತು ಅನುಕೂಲದ ಪ್ರಶ್ನೆ ಎಂದು ಅಳೆದು ನೋಡಿ ಒಪ್ಪಿಕೊಂಡರು. ಯಾವುದಕ್ಕೆ ಪಟ್ಟು ಹಿಡಿಯಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂಬ ಈ ಅಳತೆ ಅವರ ಮುಂದಿನ ಬದುಕಿನುದ್ದಕ್ಕೂ ಕಾಣುತ್ತದೆ. ಒಂದು ಕಡೆ ಮಾತ್ರ ಆ ಅಳತೆ ತಪ್ಪಿತೆಂದು ನನ್ನ ಭಾವನೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಿಂಧ್ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಿಂಧೂ ನದಿಯ ದಡದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಲು ಅವರನ್ನು ಕಳಿಸಿದರು. ನದಿಯಲ್ಲಿ ನೀರಿಗೆ ಬರವಿರಲಿಲ್ಲ, ಆದರೆ ಅದು ಕೆಸರು ನೀರು. ಸೋಸುವ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಪುರಸಭೆಯಲ್ಲಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳೇ ಸೋಸುವ ಕೆಲಸ ಮಾಡಿತು. ಬಜೆಟ್ ಇಲ್ಲವೆಂದು ಕೈಕಟ್ಟಿ ಕೂರುವ ಕಚೇರಿಗಳನ್ನು ನಾವೆಲ್ಲ ನೋಡಿದ್ದೇವೆ, ಕೂತವರಲ್ಲಿ ನಾವೂ ಇರಬಹುದು!

ಪುಣೆಯಲ್ಲಿರುವ ನಮ್ಮವರು ಮಳೆಗಾಲದಲ್ಲಿ ಸಿಂಹಗಡಕ್ಕೆ ಹೋಗುವಾಗ ಖಡಕ್‌ವಾಸ್ಲಾ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಸುಟ್ಟ ಜೋಳದ ತೆನೆ, ಕಾಂದಾ ಭಜಿ ತಿನ್ನುವುದುಂಟು. ಸರ್ ಎಂ.ವಿ. ಅವರ ಹೆಸರನ್ನು ದೇಶವಿದೇಶಕ್ಕೆ ಒಯ್ದ ಸ್ವಯಂಚಾಲಿತ ಬಾಗಿಲುಗಳನ್ನು 1903ರ ವೇಳೆಗೆ ಅಳವಡಿಸಿದ್ದು ಅಲ್ಲಿಯೇ. ಕೆರೆಗೆ ಹೆಚ್ಚು ನೀರು ಬೇಕಿತ್ತು. ಆದರೆ ಅಣೆಕಟ್ಟನ್ನೇ ಎತ್ತರಿಸುವುದು ದುಬಾರಿಯೂ ಹೌದು, ಅಪಾಯವೂ ಹೌದು. ಅವರು ಕೋಡಿಯ ಮೇಲೆ ಬಾಗಿಲುಗಳನ್ನಿಟ್ಟು ಸುಮಾರು 8 ಅಡಿ ಹೆಚ್ಚುವರಿ ನೀರು ನಿಲ್ಲುವಂತೆ ಮಾಡಿದರು. ಮಟ್ಟ ಮೀರಿದಾಗ ಏರಿದ ನೀರಿನ ಬಲದಿಂದಲೇ ಬಾಗಿಲು ತೆರೆಯುವುದು, ಇಳಿದಾಗ ತಾನೇ ಮುಚ್ಚುವುದು. ನಡುರಾತ್ರಿ ನೆರೆ ಬಂದರೆ ಓಡಿಬಂದು ಬಾಗಿಲು ಎತ್ತುವ ಆಳು ಬೇಕಿಲ್ಲ. ಇದಕ್ಕೆ ಅವರ ಹೆಸರಿನಲ್ಲಿ ಪೇಟೆಂಟ್ ಆಯಿತು. ಬೇರೆ ಕಡೆಗಳಲ್ಲೂ ಇಂಥ ಬಾಗಿಲುಗಳು ಬಂದವು. ಆದರೆ ಸರಕಾರದ ಸಂಬಳ ಪಡೆಯುತ್ತಿದ್ದಾಗ ಮಾಡಿದ ಕೆಲಸಕ್ಕೆ ಸರಕಾರದಿಂದಲೇ ರಾಯಧನ ಪಡೆಯುವುದು ಸರಿಯಲ್ಲವೆಂದು ಅವರು ಒಂದು ಕಾಸನ್ನೂ ಮುಟ್ಟಲಿಲ್ಲ. ಈಗ ಅಲ್ಲಿ ಕಾಣುವುದು ಆ ಹಳೆಯ ಕಟ್ಟೆಯಲ್ಲ. 1961ರ ಜುಲೈಯಲ್ಲಿ ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆ ಮುಳುಗಿದಾಗ ಖಡಕ್‌ವಾಸ್ಲಾ ಕಟ್ಟೆಯೂ ಒಡೆಯಿತು. ಮುಂದೆ ಅದನ್ನು ಮತ್ತೆ ಕಟ್ಟಿದರು.

ಅದೇ ಕಾಲದಲ್ಲಿ ನೀರಾ ಕಾಲುವೆಯ ರೈತರ ವಿರೋಧವನ್ನು ಅವರು ಎದುರಿಸಬೇಕಾಯಿತು. ಕಾಲುವೆಯ ನೀರನ್ನು ಮೇಲಿನವರು ಮನಸ್ಸಿಗೆ ಬಂದಂತೆ ಬಳಸಿ ಕೆಳಗಿನವರು ಒಣಗುತ್ತಿದ್ದರು. ಜಮೀನನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಯಾವ ಬ್ಲಾಕಿಗೆ ಯಾವ ಬೆಳೆ, ಎಷ್ಟು ನೀರು ಎಂದು ಮೊದಲೇ ಗೊತ್ತುಮಾಡುವ ಪದ್ಧತಿಯನ್ನು 1899ರಲ್ಲಿ ಅವರು ತಂದರು. ನೀರು ಹೆಚ್ಚು ಸಿಗುತ್ತಿದ್ದವರು ಸಿಟ್ಟಾದರು, ಪುಣೆಯ ಪತ್ರಿಕೆಗಳಲ್ಲಿ ಟೀಕೆ ಬಂತು. ಸರಕಾರಿ ಹುಕುಂ ಹೊರಡಿಸಿ ಸುಮ್ಮನಿರಬಹುದಿತ್ತು. ಅವರು ರೈತರನ್ನು ಕೂರಿಸಿಕೊಂಡು ಲೆಕ್ಕ ವಿವರಿಸಿದರು. ಕ್ರಮೇಣ ವಿರೋಧ ತಣಿಯಿತು. ಮುಂದೆ ನೀರಾವರಿ ಆಯೋಗದ ಮುಂದೆಯೂ ಈ ಪದ್ಧತಿಯನ್ನು ಅವರು ಸಮರ್ಥಿಸಿದರು.

ಹೀಗೆ ಹೆಸರು ಬಂದಂತೆ ಬಡ್ತಿಯೂ ಬಂತು. ತಮಗಿಂತ ಹಿರಿಯರಾದ ಹಲವರನ್ನು ದಾಟಿ ಮೇಲೇರಿದರು. ಆದರೆ ಆ ಇಲಾಖೆಯಲ್ಲಿ ಭಾರತೀಯನಿಗೆ ಒಂದು ಕಾಣದ ಸೂರು ಇತ್ತು. ಮುಖ್ಯ ಇಂಜಿನಿಯರ್ ಹುದ್ದೆ ಬಿಳಿಯರದು. ಇಲ್ಲಿ ಇನ್ನು ಎಷ್ಟು ದುಡಿದರೂ ಆ ಕುರ್ಚಿ ಸಿಗದು ಎಂಬುದು ಅವರಿಗೆ ಗೊತ್ತಿತ್ತು. ದಾಟಿಹೋದ ಹಿರಿಯರ ಅಸಮಾಧಾನವೂ ತಿಳಿದಿತ್ತು. 1908ರಲ್ಲಿ ನಿವೃತ್ತಿ ಕೇಳಿ ಬರೆದರು. ಪೂರ್ಣ ಪಿಂಚಣಿಗೆ 25 ವರ್ಷದ ಸೇವೆ ಬೇಕು, ಅವರದು ಇನ್ನೂ ಆಗಿರಲಿಲ್ಲ. ಪಿಂಚಣಿಗಾಗಿ ಒಂದೆರಡು ವರ್ಷ ಫೈಲು ತಿರುವುತ್ತಾ ಕೂರುವವರೇ ಹೆಚ್ಚು. ಅವರು ಕಾಯಲಿಲ್ಲ. ಸರಕಾರವೇ ವಿಶೇಷವಾಗಿ ಪಿಂಚಣಿ ಮಂಜೂರು ಮಾಡಿತು. ಬಾಗಿಲು ಬಡಿದು ಹೊರಟವರಲ್ಲ, ಯಾರ ಮೇಲೂ ದೂರು ಹೇಳಿದವರೂ ಅಲ್ಲ. ರಜೆ ಹಾಕಿ ಯುರೋಪ್, ಅಮೆರಿಕ ನೋಡಲು ಹೊರಟರು.

ಅವರು ವಿದೇಶದಲ್ಲಿದ್ದಾಗಲೇ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಿದ್ದರು. ಕರೆ ಬಂತೆಂದು ಅವರು ಪ್ರವಾಸ ಮೊಟಕು ಮಾಡಲಿಲ್ಲ. ಹಿಡಿದ ಅಧ್ಯಯನ ಮುಗಿಸಿಯೇ ಬರುವುದಾಗಿ ತಿಳಿಸಿ, 1909ರ ಏಪ್ರಿಲ್‌ನಲ್ಲಿ ಬಂದರು. ನದಿ ಯಾಕೆ ಉಕ್ಕಿತು ಎಂಬುದನ್ನು ಅವರು ನಗರದೊಳಗೆ ಹುಡುಕಲಿಲ್ಲ, ಮೇಲಿನ ಜಲಾನಯನ ಪ್ರದೇಶದಲ್ಲಿ ಹುಡುಕಿದರು. ಅಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಂದರ ಹಿಂದೊಂದು ಒಡೆದಿದ್ದವು. ಮಳೆಯ ದಾಖಲೆ, ಕೆರೆಗಳ ದಾಖಲೆ ಎಲ್ಲ ಕೂಡಿಸಿ, ಮೂಸಿ ಮತ್ತು ಈಸಿ ನದಿಗಳಿಗೆ ನಗರದ ಮೇಲ್ಭಾಗದಲ್ಲೇ ಜಲಾಶಯ ಕಟ್ಟಬೇಕೆಂದು ವರದಿ ಕೊಟ್ಟರು. ಅಲ್ಲಿ ಇದ್ದದ್ದು ಕೆಲವೇ ತಿಂಗಳು. ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಆದವು. ಕಟ್ಟಿದವರು ಬೇರೆಯವರು, ಮುಖ್ಯವಾಗಿ ನಿಜಾಮ ಸರಕಾರದ ಇಂಜಿನಿಯರ್ ಅಲಿ ನವಾಜ್ ಜಂಗ್. ತಾವಿಲ್ಲದಿದ್ದರೂ ನಡೆಯುವಂಥ ವರದಿ ಬರೆದಿಟ್ಟು ಹೋಗಿದ್ದು ಸರ್ ಎಂ.ವಿ. ಅವರ ಪಾಲು. ಹೈದರಾಬಾದಿನ ಕನ್ನಡಿಗರು ಅವರನ್ನು ನೆನೆಯುವಾಗ ಜಂಗ್ ಅವರನ್ನೂ ನೆನೆದರೆ ಚೆನ್ನ.

ಮೈಸೂರಿನಿಂದ ಮುಖ್ಯ ಇಂಜಿನಿಯರ್ ಹುದ್ದೆಗೆ ಕರೆ ಬಂದಾಗ ಅವರು ತಕ್ಷಣ ಒಪ್ಪಲಿಲ್ಲ. ರಸ್ತೆ, ಕಟ್ಟಡಗಳ ದುರಸ್ತಿಗಷ್ಟೇ ಆದರೆ ತಮಗೆ ಆಸಕ್ತಿಯಿಲ್ಲ, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದ ಮೇಲೆ 1909ರ ನವೆಂಬರ್‌ನಲ್ಲಿ ಬಂದರು.

ಕನ್ನಂಬಾಡಿಯ ಕಥೆ ಎಲ್ಲರಿಗೂ ಗೊತ್ತು, ಆದರೂ ಅದರಲ್ಲಿ ಕಚೇರಿಯ ಪಾಠವೊಂದು ಅಡಗಿದೆ. ಕೋಲಾರದ ಗಣಿಗಳಿಗೆ ಶಿವನಸಮುದ್ರದಿಂದ 1902ರಿಂದಲೇ ವಿದ್ಯುತ್ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಅಣೆಕಟ್ಟೆಯ ಯೋಜನೆ ಹಣಕಾಸಿನವರ ಮುಂದೆ ಹೋದಾಗ ಅವರು ಮೊತ್ತ ನೋಡಿಯೇ ಹಿಂಜರಿದರು. ಯೋಜನೆ ನೆನೆಗುದಿಗೆ ಬಿತ್ತು. ವಿಶ್ವೇಶ್ವರಯ್ಯನವರು ಜಗಳವಾಡಲಿಲ್ಲ, ಆದರೆ ಅವರ ಉತ್ಸಾಹ ತಗ್ಗಿದ್ದನ್ನು ಮಹಾರಾಜರು ಗಮನಿಸಿದರು. ಇವರು ಬಿಟ್ಟು ಹೋಗುವವರೇ ಎಂಬ ಸುಳಿವು ಹತ್ತಿ ವಿಚಾರಿಸಿದಾಗ, ಬಂದ ಉದ್ದೇಶ ನಡೆಯದಿದ್ದರೆ ಇದ್ದು ಪ್ರಯೋಜನವಿಲ್ಲವೆಂದು ಅವರು ಬಿಚ್ಚಿ ಹೇಳಿದರು. 1911ರಲ್ಲಿ ಮಂಜೂರಾತಿ ಬಂತು. ಕೈಕೆಳಗಿನವರ ಮೌನವನ್ನು ಓದಬಲ್ಲ ಒಡೆಯ ಸಿಕ್ಕಿದ್ದು ಅವರ ಭಾಗ್ಯ. ಆ ಶ್ರೇಯಸ್ಸು ನಾಲ್ವಡಿಯವರಿಗೆ ಸಲ್ಲಬೇಕು.

ಮುಂದಿನ ತಕರಾರು ಮದ್ರಾಸು ಸರಕಾರದ್ದು. ಪೂರ್ಣ ಎತ್ತರದ ಅಣೆಕಟ್ಟಿಗೆ ಅದು ಒಪ್ಪಲಿಲ್ಲ. ಸದ್ಯಕ್ಕೆ 80 ಅಡಿ ಎತ್ತರದ ಮೊದಲ ಹಂತಕ್ಕಷ್ಟೇ ಒಪ್ಪಿಗೆ ಸಿಕ್ಕಿತು. ಬುನಾದಿ ಎಷ್ಟು ಅಗಲ ಹಾಕಬೇಕು? 80 ಅಡಿಗೆ ತಕ್ಕಷ್ಟು ಹಾಕಿದರೆ ಖರ್ಚು ಕಡಿಮೆ, ನಿಯಮಕ್ಕೂ ಸರಿ. ಆದರೆ ನಾಳೆ ಒಪ್ಪಿಗೆ ಬಂದರೆ ಆ ಬುನಾದಿಯ ಮೇಲೆ ದೊಡ್ಡ ಕಟ್ಟೆ ನಿಲ್ಲದು. ಪೂರ್ಣ ಎತ್ತರಕ್ಕೆ ತಕ್ಕ ಬುನಾದಿ ಹಾಕಿ, ಒಪ್ಪಿಗೆ ಬಾರದಿದ್ದರೆ ಸುರಿದ ಹಣವೆಲ್ಲ ಮಣ್ಣುಪಾಲು. ಮೈಸೂರು ತನ್ನದೇ ಹೊಣೆಯ ಮೇಲೆ ಅಗಲದ ಬುನಾದಿಯನ್ನೇ ಹಾಕಿತು. ಕದ್ದುಮುಚ್ಚಿ ಮಾಡಿದ್ದಲ್ಲ, ನಷ್ಟವಾದರೆ ನಮ್ಮದು ಎಂದು ಒಪ್ಪಿಯೇ ಮಾಡಿದ್ದು. ಸಿಮೆಂಟ್ ಸಿಗುವುದು ಕಷ್ಟವಾಗಿದ್ದುದರಿಂದ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದರು. 1914ರಲ್ಲಿ ಪಂಚಾಯ್ತಿಕೆ ನಡೆಯಿತು, ಕೊನೆಗೆ 1924ರಲ್ಲಿ ಎರಡೂ ಸರಕಾರಗಳ ನಡುವೆ ಒಪ್ಪಂದವಾಯಿತು. ಸುಮಾರು 130 ಅಡಿಯ ಕಟ್ಟೆ ಆ ಬುನಾದಿಯ ಮೇಲೆಯೇ ಎದ್ದು 1930ರ ದಶಕದ ಆರಂಭಕ್ಕೆ ಪೂರ್ಣಗೊಂಡಿತು. ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಅಧಿಕಾರ ಬಿಟ್ಟು ಹನ್ನೆರಡು ವರ್ಷ ದಾಟಿತ್ತು. ಅನೇಕ ಇಂಜಿನಿಯರುಗಳು, ಸಹಸ್ರಾರು ಕೂಲಿಗಳು ದುಡಿದ, ಹಲವು ಹಳ್ಳಿಗಳು ತಮ್ಮ ನೆಲ ಬಿಟ್ಟುಕೊಟ್ಟ ಕಟ್ಟೆ ಅದು. ಒಬ್ಬರೇ ಕಟ್ಟಿದರೆಂದು ನಾವು ವೇದಿಕೆಯ ಮೇಲೆ ಹೇಳುವುದು ಅಭಿಮಾನದ ಮಾತು, ಲೆಕ್ಕದ ಮಾತಲ್ಲ.

1912ರಲ್ಲಿ ಅವರು ದಿವಾನರಾದರು. ಪದವಿ ವಹಿಸಿಕೊಳ್ಳುವ ಮುನ್ನ ಬಂಧುಬಳಗವನ್ನು ಕರೆದು, ನೌಕರಿ, ಶಿಫಾರಸು ಎಂದು ತಮ್ಮ ಬಳಿ ಬರಬಾರದೆಂದು ಮಾತು ತೆಗೆದುಕೊಂಡರೆಂದು ಹೇಳುತ್ತಾರೆ. ಮೈಸೂರು ಬ್ಯಾಂಕ್ 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾಲಯ 1916, ಗಂಧದೆಣ್ಣೆ ಕಾರ್ಖಾನೆ, ಸಾಬೂನು ಕಾರ್ಖಾನೆ. ಈ ಪಟ್ಟಿಯನ್ನು ಓದುಗರೇ ಮುಂದುವರಿಸಬಲ್ಲರು.

ಇನ್ನು ಆಗಲೇ ಹೇಳಿದ ಆ ಒಂದು ವಿಷಯ. ಮೈಸೂರಿನ ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು ಬೇಕೆಂದು ಮಹಾರಾಜರಲ್ಲಿ ಮೊರೆಯಿಟ್ಟರು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ದಿವಾನರ ನಿಲುವು ಬೇರೆ. ಶಿಕ್ಷಣವನ್ನು ಎಲ್ಲರಿಗೂ ಹರಡಿ, ವಿದ್ಯಾರ್ಥಿವೇತನ ಕೊಡಿ, ಆದರೆ ನೇಮಕದಲ್ಲಿ ಅರ್ಹತೆಯೊಂದನ್ನೇ ನೋಡಿ ಎಂಬುದು ಅವರ ವಾದ. ಮನೆಪಾಠ ಹೇಳಿ ಓದಿದ ಬಡ ಹುಡುಗನಿಗೆ ಅದು ಸಹಜವಾಗಿ ತೋರಿರಬೇಕು. ಆದರೆ ಬಡತನ ಬೇರೆ, ಶಾಲೆಯ ಬಾಗಿಲೇ ಮುಚ್ಚಿದ್ದ ಮನೆಗಳ ಸ್ಥಿತಿ ಬೇರೆ. ಮುಂಬಯಿಯಲ್ಲಿ ಬಣ್ಣದ ಕಾರಣಕ್ಕೆ ತಮ್ಮ ತಲೆಯ ಮೇಲಿದ್ದ ಕಾಣದ ಸೂರನ್ನು ಕಂಡಿದ್ದವರಿಗೆ, ಮೈಸೂರಿನಲ್ಲಿ ಇತರರ ತಲೆಯ ಮೇಲಿದ್ದ ಸೂರು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ ಎನ್ನಬೇಕಾಗಿದೆ. ಈ ವಿಷಯದಲ್ಲಿ ದೂರ ನೋಡಿದವರು ಮಹಾರಾಜರು. ನಮ್ಮ ಓದುಗರಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ, ಚರ್ಚೆಗೆ ಅವಕಾಶವಿದೆ.

ಆದರೆ ಭಿನ್ನಾಭಿಪ್ರಾಯ ಬಂದಾಗ ಅವರು ನಡೆದುಕೊಂಡ ರೀತಿ ಯಾವ ಪಕ್ಷದವರೂ ಮೆಚ್ಚುವಂಥದು. ಕುರ್ಚಿಯಲ್ಲಿ ಕುಳಿತೇ ಒಡೆಯನ ತೀರ್ಮಾನಕ್ಕೆ ಒಳಗಿಂದ ಅಡ್ಡಗಾಲು ಹಾಕಲಿಲ್ಲ. ಗುಂಪು ಕಟ್ಟಲಿಲ್ಲ. ರಜೆ ಪಡೆದು ಸರಿದು ನಿಂತರು. 1919ರಲ್ಲಿ ಎಂ. ಕಾಂತರಾಜ ಅರಸರು ದಿವಾನರಾದರು. ಮಹಾರಾಜರ ಮೇಲಿನ ಗೌರವದಲ್ಲಿ ಕೊನೆಯವರೆಗೂ ಕೊರತೆ ಬರಲಿಲ್ಲ.

ಕುರ್ಚಿ ಬಿಟ್ಟವರಿಗೆ ಕೆಲಸ ತಪ್ಪಲಿಲ್ಲ. 1922ರ ಜನವರಿಯಲ್ಲಿ ಮುಂಬಯಿಯಲ್ಲಿ ಸರಕಾರ ಮತ್ತು ಕಾಂಗ್ರೆಸ್ ನಡುವೆ ಸಂಧಾನಕ್ಕಾಗಿ ಮಾಳವೀಯ ಮೊದಲಾದವರು ಸಮ್ಮೇಳನ ಕರೆದರು. ಗಾಂಧೀಜಿಯೂ ಬಂದಿದ್ದರು. ಅಧ್ಯಕ್ಷರಾಗಿದ್ದ ಸರ್ ಶಂಕರನ್ ನಾಯರ್ ಭಿನ್ನಾಭಿಪ್ರಾಯದಿಂದ ಎದ್ದು ಹೊರನಡೆದರು. ಸಭೆ ಒಡೆಯದಂತೆ ಆ ಸ್ಥಾನದಲ್ಲಿ ಕುಳಿತವರು ನಮ್ಮ ವಿಶ್ವೇಶ್ವರಯ್ಯನವರು. 1926ರಲ್ಲಿ ಬ್ಯಾಕ್ ಬೇ ಸಮುದ್ರ ತುಂಬುವ ಯೋಜನೆಯ ಅವ್ಯವಹಾರಗಳ ಬಗ್ಗೆ ಗಲಾಟೆ ಎದ್ದಾಗ ನೇಮಕವಾದ ತನಿಖಾ ಸಮಿತಿಯಲ್ಲೂ ಅವರಿದ್ದರು. 1941ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅಖಿಲ ಭಾರತ ಉತ್ಪಾದಕರ ಸಂಘಟನೆಗೆ ಮೊದಲ ಅಧ್ಯಕ್ಷರಾದವರೂ ಅವರೇ.

ಭದ್ರಾವತಿಯದು ಬೇರೆಯೇ ಕಥೆ. ಕಬ್ಬಿಣದ ಕಾರ್ಖಾನೆಯ ಕನಸು ಅವರ ದಿವಾನಗಿರಿಯಲ್ಲೇ ಮೊಳೆತಿತ್ತು. 1923ರಲ್ಲಿ ಉತ್ಪಾದನೆ ಶುರುವಾಗುವ ಹೊತ್ತಿಗೆ ಯುದ್ಧಾನಂತರದ ಬೆಲೆ ಕುಸಿತದಿಂದ ನಷ್ಟ ಬಾಯಿ ತೆರೆದಿತ್ತು. ಮುಚ್ಚಿಬಿಡಿ ಎಂಬ ಕೂಗೂ ಇತ್ತು. ಯಾವ ಸರಕಾರವನ್ನು ಭಿನ್ನಾಭಿಪ್ರಾಯದಿಂದ ಬಿಟ್ಟುಬಂದಿದ್ದರೋ ಅದೇ ಸರಕಾರ ಮತ್ತೆ ಕರೆಯಿತು. ಹಿಂದಿನದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿದರು. ಸಂಭಾವನೆಯ ಮಾತು ಬಂದಾಗ, ಕಾರ್ಖಾನೆ ತನ್ನ ಕಾಲ ಮೇಲೆ ನಿಂತ ಮೇಲೆ ನೋಡೋಣ ಎಂಬ ಧೋರಣೆ ತಳೆದರು. ವಿದೇಶಿ ತಜ್ಞರ ಜಾಗಕ್ಕೆ ಸ್ಥಳೀಯ ಇಂಜಿನಿಯರುಗಳನ್ನು ತಯಾರು ಮಾಡಿದರು, ಖರ್ಚು ಕಡಿತ ಮಾಡಿದರು. 1929ರವರೆಗೆ ಆ ಹೊಣೆ ಹೊತ್ತರು. ಮುಂದೆ ಸಂಭಾವನೆಯ ಬಾಕಿ ಕೈಗೆ ಬಂದಾಗ ಅದನ್ನು ಬೆಂಗಳೂರಿನಲ್ಲಿ ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ತಮ್ಮ ಹೆಸರು ಇಡಗೊಡದೆ ಜಯಚಾಮರಾಜೇಂದ್ರ ಒಡೆಯರ ಹೆಸರು ಇಡಿಸಿದರು. ಕೆ.ಆರ್. ಸರ್ಕಲ್ ಬಳಿಯ ಎಸ್.ಜೆ. ಪಾಲಿಟೆಕ್ನಿಕ್ ಎಂದರೆ ಬೆಂಗಳೂರಿಗರಿಗೆ ಗೊತ್ತು.

1952ರಲ್ಲಿ ಬಿಹಾರದ ಮೊಕಾಮಾ ಬಳಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ವಿವಾದ ಎದ್ದಾಗ ಕೇಂದ್ರ ಸರಕಾರ ಅವರ ಸಲಹೆ ಕೇಳಿತು. ತೊಂಬತ್ತು ದಾಟಿದ್ದ ಹಿರಿಯರು ತಾವೇ ಅಲ್ಲಿಗೆ ಹೋಗಿ, ನದಿಯ ಸ್ಥಳಗಳನ್ನು ಕಣ್ಣಾರೆ ನೋಡಿ ವರದಿ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1959ರಲ್ಲಿ ಮೊಕಾಮಾದ ಸೇತುವೆ ಸಂಚಾರಕ್ಕೆ ತೆರೆಯಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅವರು ಕಣ್ಣು ಮುಚ್ಚಿದರು. ಅಂತ್ಯಕ್ರಿಯೆ ನಡೆದದ್ದು ಹುಟ್ಟೂರು ಮುದ್ದೇನಹಳ್ಳಿಯಲ್ಲಿ.